ಅದು ಕಿರಣ ಅಲ್ಲ, ಶಬ್ದ

ನಮಸ್ಕಾರ. ಬಳ್ಳಾರಿ, ಸಿರುಗುಪ್ಪ, ಸಂಡೂರು ಕಡೆ ರೇಡಿಯೋ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿರುವ ಅಕ್ಕಂದಿರೇ, ಅವ್ವಂದಿರೇ, ಇವತ್ತಿನ ಮಾತು ಮುಖ್ಯವಾಗಿ ನಿಮಗೆ.

ಹೋದ ತಿಂಗಳು ನಮ್ಮ ಓಣಿಯ ಒಬ್ಬ ಅತ್ತೆ ಬಸುರಿ ಸೊಸೆಯನ್ನು ಸ್ಕ್ಯಾನಿಂಗ್‌ಗೆ ಕಳಿಸಲು ಒಪ್ಪಲೇ ಇಲ್ಲ. "ಕಿರಣ ಬಿಡ್ತಾರೆ, ಕೂಸಿಗೆ ತಾಕುತ್ತೆ" ಅಂದರು. ನಾನು ಕೆಲಸ ಮಾಡುವುದೇ ಈ ಯಂತ್ರದ ಮೇಲೆ. ಈ ಮಾತು ಎಷ್ಟು ಸಲ ಕೇಳಿದ್ದೇನೋ! ಅದು ಕಿರಣ ಅಲ್ಲ, ತಾಯಿ. ಶಬ್ದ. ಎಕ್ಸ್‌ರೇ ಬೇರೆ, ಇದು ಬೇರೆ.

ಬಾವಿಯೊಳಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದೆ, ಅಲ್ವಾ? ಅಷ್ಟೇ ಇದು. ನಮ್ಮ ಕಿವಿಗೆ ಸೆಕೆಂಡಿಗೆ 20,000 ಸಲ ಅದುರುವ ಶಬ್ದದವರೆಗೆ ಕೇಳಿಸುತ್ತದೆ. ಸ್ಕ್ಯಾನಿಂಗ್ ಶಬ್ದ ಸೆಕೆಂಡಿಗೆ 20 ಲಕ್ಷ ಸಲಕ್ಕೂ ಜಾಸ್ತಿ ಅದುರುತ್ತದೆ, ಅದಕ್ಕೇ ಕೇಳಿಸುವುದಿಲ್ಲ. ಮೈಯೊಳಗೆ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಎಷ್ಟು ಹೊತ್ತಿಗೆ ತಿರುಗಿ ಬಂತು ಅಂತ ಲೆಕ್ಕ ಹಾಕಿ ಯಂತ್ರ ಚಿತ್ರ ಬಿಡಿಸುತ್ತದೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಅಣ್ಣಂದಿರಿಗೆ ಇದು ಹೊಸದಲ್ಲ. ಉಕ್ಕಿನೊಳಗೆ ಬಿರುಕು ಇದೆಯಾ ಅಂತ ಶಬ್ದ ಬಿಡುವ ಪ್ರೋಬ್ ಇಟ್ಟು ನೋಡುತ್ತಾರಲ್ಲ, ಯು.ಟಿ. ಅಂತ, ಅಂದರೆ ಅಲ್ಟ್ರಾಸಾನಿಕ್ ಟೆಸ್ಟಿಂಗ್, ಅದೇ ವಿದ್ಯೆ. ರೈಲು ಹಳಿಗೂ ಅದನ್ನೇ ಮಾಡುತ್ತಾರೆ. ನಿಜ ಹೇಳಬೇಕೆಂದರೆ, ಆಸ್ಪತ್ರೆಯ ಈ ಯಂತ್ರ ಹುಟ್ಟಿದ್ದರ ಹಿಂದೆ ಒಂದು ಕಾರ್ಖಾನೆಯಿದೆ. ಆ ಕಥೆ ಹೇಳದೆ ನಾನು ಮುಂದೆ ಹೋಗಲಾರೆ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಅಂತ ಒಬ್ಬ ಹೆರಿಗೆ ಡಾಕ್ಟರು. ಹೊಟ್ಟೆ ಉಬ್ಬಿದ ಹೆಂಗಸು ಬಂದರೆ ಒಳಗಿರುವುದು ನೀರುಗಂಟೋ ಗಟ್ಟಿಗಂಟೋ ಅಂತ ಕೈಯಿಂದ ಒತ್ತಿ ನೋಡಿಯೇ ಹೇಳಬೇಕಾಗಿದ್ದ ಕಾಲ ಅದು. 1955ರಲ್ಲಿ ಅವರು ಆಪರೇಷನ್‌ನಲ್ಲಿ ತೆಗೆದ ಗಂಟುಗಳನ್ನು ಎರಡು ಕಾರುಗಳಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋದರು! ಹೋಲಿಸಿ ನೋಡಲಿ ಅಂತ ಕಾರ್ಖಾನೆಯವರು ಮಾಂಸದ ದೊಡ್ಡ ತುಂಡೊಂದನ್ನು ತಂದಿಟ್ಟಿದ್ದರು. ಕಬ್ಬಿಣದ ಬಿರುಕು ಹುಡುಕುವ ಯಂತ್ರವನ್ನು ಗಂಟಿಗೆ ಹಚ್ಚಿದರು. ನೀರುಗಂಟಿನಲ್ಲಿ ಶಬ್ದ ಸಲೀಸಾಗಿ ದಾಟಿ ಆಚೆ ಗೋಡೆಗೆ ಬಡಿದು ಬಂತು. ಗಟ್ಟಿಗಂಟಿನಲ್ಲಿ ದಾರಿಯುದ್ದಕ್ಕೂ ಪ್ರತಿಧ್ವನಿ. ಎರಡೂ ಬೇರೆ ಬೇರೆ ಅಂತ ಗುರುತು ಸಿಕ್ಕಿಬಿಟ್ಟಿತು. ಆಮೇಲೆ ಟಾಮ್ ಬ್ರೌನ್ ಅನ್ನುವ ಎಳೆ ವಯಸ್ಸಿನ ಎಂಜಿನಿಯರ್ ಅವರ ಜೊತೆ ಸೇರಿ ಯಂತ್ರ ಕಟ್ಟಿದ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದರು. ಇದು ಕ್ಯಾನ್ಸರ್, ಆಪರೇಷನ್ ಕೂಡ ಆಗುವುದಿಲ್ಲ ಅಂತ ಡಾಕ್ಟರುಗಳು ಕೈಬಿಟ್ಟಿದ್ದರು. ಯಂತ್ರ ಹಚ್ಚಿದರೆ ಬರೀ ನೀರು! ಕೊಯ್ದು ತೆಗೆದರು, ಆಕೆ ಬದುಕಿಕೊಂಡರು. 1958ರಲ್ಲಿ ಇದೆಲ್ಲ ಲ್ಯಾನ್ಸೆಟ್ ಅನ್ನುವ ವೈದ್ಯರ ಪತ್ರಿಕೆಯಲ್ಲಿ ಅಚ್ಚಾಯಿತು. ಆಕೆಯನ್ನು ಉಳಿಸಿದ್ದು ಶಬ್ದ. ಕಿರಣ ಅಲ್ಲ.

ನನ್ನ ಕೆಲಸದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬಳ್ಳಾರಿ ಅಂಜೂರ ಹಣ್ಣಾಗಿದೆಯಾ ಅಂತ ಹಿತವಾಗಿ ಒತ್ತಿ ನೋಡುತ್ತೇವಲ್ಲ, ಹಾಗೆ ಶಬ್ದದಿಂದ ಲಿವರ್ ಅನ್ನು ಒತ್ತಿ ನೋಡುವುದು. ಒತ್ತಿದ ಕಡೆಯಿಂದ ಸಣ್ಣ ಅಲೆ ಏಳುತ್ತದೆ. ಮೆತ್ತಗಿದ್ದರೆ ಅಲೆ ನಿಧಾನ, ಗಟ್ಟಿಯಾಗಿದ್ದರೆ ಜೋರು. ಸೂಜಿ ಚುಚ್ಚದೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ತಿಳಿಯುತ್ತದೆ. ಯಂತ್ರವನ್ನು ಪರೀಕ್ಷಿಸಲು ಲ್ಯಾಬಿನಲ್ಲಿ ಅಗರ್ ಅನ್ನುವ, ಕಡಲ ಪಾಚಿಯಿಂದ ಮಾಡಿದ ಪುಡಿ ಕುದಿಸಿ, ನುಣುಪಾದ ಗ್ರಾಫೈಟ್ ಪುಡಿ ಕಲಸಿ, ಡಬ್ಬಿಗೆ ಸುರಿದು ಗಟ್ಟಿಯಾಗಲು ಬಿಡುತ್ತೇವೆ. ಆ ಕರಿ ಹಲ್ವದಂಥ ಮುದ್ದೆಯೇ ನಮ್ಮ ನಕಲಿ ಲಿವರ್. ಒಳಗೆ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಆ ಜಾಗದ ಹಿಂದೆ ಚಿತ್ರ ಕಪ್ಪು.

ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವುದು ಅದಕ್ಕೇ. ನಡುವೆ ಗಾಳಿ ಇದ್ದರೆ ಶಬ್ದ ಮೈಯೊಳಗೆ ಹೋಗುವುದೇ ಇಲ್ಲ. ಜೆಲ್ ಔಷಧಿ ಅಲ್ಲ, ಒರೆಸಿಕೊಂಡರೆ ಆಯಿತು. ಮೊದಲ ತಿಂಗಳುಗಳಲ್ಲಿ ನೀರು ಕುಡಿದು, ಉಚ್ಚೆ ತಡೆದುಕೊಂಡು ಬನ್ನಿ ಅನ್ನುವುದೂ ಅದಕ್ಕೇ. ತುಂಬಿದ ಮೂತ್ರಚೀಲ ಕರುಳಿನ ಗಾಳಿಯನ್ನು ಪಕ್ಕಕ್ಕೆ ಸರಿಸಿ ಶಬ್ದಕ್ಕೆ ದಾರಿ ಬಿಡುತ್ತದೆ. ಸುಮ್ನೆ ಕಾಯಿಸುತ್ತಾರೆ ಅಂತ ಸಿಟ್ಟಾಗಬೇಡಿ.

ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ. 1994ರಿಂದಲೇ ಅದಕ್ಕೆ ಕಾನೂನು ಇದೆ. ಕೇಳುವುದೂ ತಪ್ಪು, ಹೇಳುವುದೂ ತಪ್ಪು. ಈ ಯಂತ್ರವನ್ನು ಅದಕ್ಕೆ ಬಳಸುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಐದನೇ ತಿಂಗಳಿಗೆ ಕೂಸಿನ ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆ ಎಲ್ಲ ಕಾಣುತ್ತವೆ. ಆ ತಿಂಗಳ ಸ್ಕ್ಯಾನಿಂಗ್ ತಪ್ಪಿಸಬೇಡಿ. ಅತ್ತೆಯವರೇ, ನೀವೂ ಸೊಸೆ ಜೊತೆ ಹೋಗಿ. ನಮಸ್ಕಾರ.