ಪತ್ರ ಯಾರ ಕೈಯಿಂದ ಬಂತು?

(ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್‌ಗಳ ದಿನಾಚರಣೆಯ ಅಂಗವಾಗಿ ಶಿವಮೊಗ್ಗದಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಆರಿದ್ರಾ ಮಳೆ ಹೀಗೆ ಹೊಡೆಯುವಾಗ ತೀರ್ಥಹಳ್ಳಿ, ಹೊಸನಗರದಿಂದ ಲೆಕ್ಕದ ವಿಷಯ ಕೇಳಲು ಬಂದಿದ್ದೀರಿ ಅಂದರೆ ನಿಮ್ಮ ತಾಳ್ಮೆ ದೊಡ್ಡದು.

‘ದೊಡ್ಡ ಆಡಿಟ್ ಸಂಸ್ಥೆಗಳ ನೀತಿ ಮತ್ತು ಹೊಣೆ’ ಅಂತ ಆಹ್ವಾನ ಪತ್ರಿಕೆಯಲ್ಲಿ ಹಾಕಿದ್ದಾರೆ. ನೀತಿ ಅಂದ ಕೂಡಲೇ ಭಾಷಣ ಮನಸ್ಸಾಕ್ಷಿಯ ಕಡೆ ಹೊರಡುತ್ತದೆ. ನಾನು ಅಂಚೆ ಲಕೋಟೆಯ ಕಡೆ ಹೊರಡುತ್ತೇನೆ. ಈ ಕಾಗದ ಯಾರ ಕೈಯಿಂದ ಬಂತು? ಇವತ್ತು ನಾನು ಕೇಳುವುದು ಇದೊಂದೇ ಪ್ರಶ್ನೆ.

1938ರ ಅಮೆರಿಕಕ್ಕೆ ಹೋಗೋಣ. ಮೆಕೆಸನ್ ಅಂಡ್ ರಾಬಿನ್ಸ್ ಅಂತ ಔಷಧ ಕಂಪನಿ. ಅಧ್ಯಕ್ಷರ ಹೆಸರು ಡೊನಾಲ್ಡ್ ಕೋಸ್ಟರ್, ಊರಿಗೆಲ್ಲ ದೊಡ್ಡ ಮನುಷ್ಯ. ನಿಜವಾದ ಹೆಸರು ಫಿಲಿಪ್ ಮ್ಯೂಸಿಕಾ. ಹಿಂದೆ ಚೀಸ್ ಆಮದಿನಲ್ಲಿ ತೂಕದವರಿಗೆ ಲಂಚ ಕೊಟ್ಟು ಸಿಕ್ಕಿಬಿದ್ದವನು, ಆಮೇಲೆ ಕೂದಲಿನ ಮೂಟೆ ತೋರಿಸಿ ಬ್ಯಾಂಕುಗಳಿಂದ ಸಾಲ ಎತ್ತಿದವನು. ಹೌದು, ಮನುಷ್ಯರ ಕೂದಲು! ಈಗ ಮೂವರು ತಮ್ಮಂದಿರನ್ನೂ ಸುಳ್ಳು ಹೆಸರಿನಲ್ಲಿ ಕೆಲಸಕ್ಕೆ ಹಚ್ಚಿದ್ದ. ಇಬ್ಬರು ಕಂಪನಿಯ ಒಳಗೆ, ಒಬ್ಬ ಹೊರಗೆ ಬರೀ ಕಾಗದದ ಮೇಲಿದ್ದ ಮಾರಾಟ ಏಜೆನ್ಸಿಯಲ್ಲಿ. ಆರ್ಡರ್ ಇವರದೇ, ಬಿಲ್ಲು ಇವರದೇ, ಕೆನಡಾದ ಗೋದಾಮಿನ ರಶೀದಿಯೂ ಇವರದೇ. ಗೋದಾಮಿನಲ್ಲಿ ಮಾಲು ಮಾತ್ರ ಯಾರದೂ ಇಲ್ಲ, ಯಾಕೆಂದರೆ ಮಾಲೇ ಇಲ್ಲ. 8.7 ಕೋಟಿ ಡಾಲರ್ ಆಸ್ತಿಯಲ್ಲಿ ಸುಮಾರು 1.9 ಕೋಟಿ ಗಾಳಿ. ಆಡಿಟರ್‌ಗಳಾದ ಪ್ರೈಸ್ ವಾಟರ್‌ಹೌಸ್‌ನವರು ವರ್ಷ ವರ್ಷ ಕೂಡಿಸಿ ನೋಡಿದ್ದರು, ಮೊತ್ತ ಸರಿಯಿತ್ತು. ಗೋದಾಮಿಗೆ ಹೋಗಿ ನೋಡುವ ಕಡ್ಡಾಯ ಆಗ ಇರಲಿಲ್ಲ, ಹೋಗಲಿಲ್ಲ. ಬಯಲಾದ ಮೇಲೆ 5 ಲಕ್ಷ ಡಾಲರಿಗೂ ಹೆಚ್ಚು ಶುಲ್ಕ ವಾಪಸ್ ಕೊಟ್ಟರು. ಸ್ಟಾಕು ಕಣ್ಣಾರೆ ನೋಡಿ, ಬಾಕಿದಾರರಿಗೆ ನೀವೇ ಪತ್ರ ಬರೆಯಿರಿ ಅನ್ನುವ ನಿಯಮ 1939ರಲ್ಲಿ ಬಂದದ್ದು ಈ ಕೂದಲು ಮಾರಿದವನ ಪುಣ್ಯದಿಂದ.

‘ನೋಡುವುದು’ ಅಂದರೇನು? ಅಡಿಕೆ ಗೋದಾಮನ್ನೇ ತಗೊಳ್ಳಿ. ಉದ್ದಕ್ಕೆ 10, ಅಗಲಕ್ಕೆ 6, ಎತ್ತರಕ್ಕೆ 8 ಚೀಲದ ಅಟ್ಟಿ. ಬಾಗಿಲಲ್ಲಿ ನಿಂತು ಗುಣಿಸಿ 480 ಅಂತ ಬರೆದುಕೊಂಡಿರಿ. ಈಗ ಸುತ್ತಲಿನ ಗೋಡೆಯನ್ನಷ್ಟೇ ಚೀಲದಲ್ಲಿ ಕಟ್ಟಿ, ಏಳು ಸಾಲಿನ ಮೇಲೆ ಹಲಗೆ ಹಾಸಿ, ಎಂಟನೇ ಸಾಲು ಪೂರ್ತಿ ಮುಚ್ಚಿದ್ದಾರೆ ಅಂದುಕೊಳ್ಳಿ. ಒಂದು ಸಾಲಿನ ಗೋಡೆಗೆ 28 ಚೀಲ, ಏಳಕ್ಕೆ 196, ಮೇಲೆ 60. ಒಟ್ಟು 256. ಉಳಿದ 224 ಚೀಲದ ಜಾಗದಲ್ಲಿ ಇಲಿ ಓಡಾಡುತ್ತಿರುತ್ತದೆ. ಅಟ್ಟಿ ಹತ್ತಬೇಕು, ನಡುವಿನ ಎರಡು ಚೀಲ ಎತ್ತಿಸಬೇಕು. ಹಮಾಲರಿಗೆ ಕೊಡುವ ಕೂಲಿ ಆಡಿಟ್ ಖರ್ಚಿಗೇ ಸೇರಲಿ.

ಚೀಲ ಇದ್ದರೂ ಸಾಲದು. ಚೀಟಿ ‘ಸರಕು’, ಅಂದರೆ ಮೇಲ್ದರ್ಜೆಯ ಅಡಿಕೆ ಅನ್ನುತ್ತದೆ, ಒಳಗೆ ಕೆಳದರ್ಜೆಯ ಗೊರಬಲು ಇರಬಹುದು. ಬಾಯಿ ಬಿಚ್ಚಿದರೆ ಮೇಲಿನ ಒಂದು ಪದರ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಕೊಳವೆ ಚುಚ್ಚಿ ನಡುವಿನಿಂದ, ತಳದಿಂದ ತೆಗೆಸಿ. ಯಾವ ಚೀಲ ಅನ್ನುವುದನ್ನು ನೀವು ಹೇಳಿ, ಗುಮಾಸ್ತರು ‘ಇದು ನೋಡಿ ಸಾರ್’ ಅಂತ ತೋರಿಸಿದ್ದನ್ನಲ್ಲ. ಎರಡು ಗೋದಾಮಿದ್ದರೆ ಒಂದೇ ದಿನ ಎಣಿಸಿ, ಇಲ್ಲದಿದ್ದರೆ ಮಾಲು ರಾತ್ರಿ ಲಾರಿಯಲ್ಲಿ ನಿಮಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತದೆ. ಎಣಿಕೆಗೆ ಮುಂಚೆ ಕೊನೆಯ ಆವಕದ ಮತ್ತು ಕೊನೆಯ ಡೆಲಿವರಿಯ ಚೀಟಿ ನಂಬರ್ ಬರೆದುಕೊಳ್ಳಿ.

ಬ್ಯಾಂಕಿನ ಹಣಕ್ಕೆ ಅಟ್ಟಿ ಇಲ್ಲ, ಪತ್ರವೇ ಅಟ್ಟಿ. 2009ರ ಜನವರಿ 7ರಂದು ಸತ್ಯಂ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ತಪ್ಪೊಪ್ಪಿಗೆಯಲ್ಲಿ ಬರೆದರು: ಪುಸ್ತಕದಲ್ಲಿರುವ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಬ್ಯಾಂಕಿಗೆ ಪತ್ರ ಕಳಿಸುವುದು, ಉತ್ತರ ತರಿಸಿಕೊಳ್ಳುವುದು ಎರಡನ್ನೂ ಆಡಿಟರ್‌ಗಳು ಕಂಪನಿಯ ಆಡಳಿತದ ಕೈಗೇ ಬಿಟ್ಟಿದ್ದರು ಅಂತ 2011ರ ಅಮೆರಿಕದ ನಿಯಂತ್ರಕರ ಆದೇಶ ಹೇಳುತ್ತದೆ. ಯಾರ ಮೇಲೆ ಅನುಮಾನವೋ ಅವರೇ ಟಪಾಲು. 2020ರ ಜೂನ್‌ನಲ್ಲಿ ಜರ್ಮನಿಯ ಹಣ ಪಾವತಿ ಕಂಪನಿ ವೈರ್‌ಕಾರ್ಡ್: 190 ಕೋಟಿ ಯೂರೋ ಫಿಲಿಪೀನ್ಸಿನ ಎರಡು ಬ್ಯಾಂಕುಗಳಲ್ಲಿದೆ ಅಂತ ಕಾಗದ. ಆ ಬ್ಯಾಂಕುಗಳು, ಕಾಗದ ನಕಲಿ ಅಂದವು. 1938ರಿಂದ ಟೈಪ್‌ರೈಟರ್ ಹೋಗಿ ಪಿಡಿಎಫ್ ಬಂತು, ತೂತು ಇದ್ದಲ್ಲೇ ಇದೆ.

ಎಸ್‌ಎ 505, ಅಂದರೆ ಹೊರಗಿನವರಿಂದ ನೇರವಾಗಿ ಖಾತ್ರಿ ಪಡೆಯುವ ಆಡಿಟ್ ಮಾನದಂಡ ಓದಿದವರು ಇಲ್ಲಿ ಬಹಳ ಜನ ಇದ್ದೀರಿ. ಆದರೂ ಹೇಳಿಬಿಡುತ್ತೇನೆ. ಶಾಖೆಯ ವಿಳಾಸ ಕಕ್ಷಿದಾರರು ಕೊಟ್ಟದ್ದು ಬೇಡ, ನೀವೇ ಹುಡುಕಿ. ಸಹಿ ಅವರದು, ಅಂಚೆಗೆ ಹಾಕುವ ಕೈ ನಿಮ್ಮದು. ಉತ್ತರ ನಿಮ್ಮ ಕಚೇರಿಗೆ ಬರಲಿ. ಇಮೇಲ್ ಆದರೆ @ ಆದಮೇಲಿನ ಅಕ್ಷರ ಒಂದೊಂದಾಗಿ ಓದಿ. ಶಿಲ್ಕು ಮಾತ್ರ ಕೇಳಬೇಡಿ. ಅಡಮಾನ, ಗ್ಯಾರಂಟಿ, ಇನ್ನಾವ ಖಾತೆ ಇದೆ, ಕೇಳಿ. ಸಹಕಾರ ಸಂಘದ ಠೇವಣಿ ರಶೀದಿಯ ಜೆರಾಕ್ಸ್ ಬೀರುವಿನಲ್ಲಿ ಭದ್ರವಾಗಿರುತ್ತದೆ, ಅಸಲಿನ ಮೇಲೆ ಸಾಲ ಎತ್ತಿ ಆಗಿರುತ್ತದೆ.

ಇಷ್ಟು ಸುಲಭದ ಕೆಲಸವನ್ನು ಬುದ್ಧಿವಂತರು ಯಾಕೆ ಬಿಡುತ್ತಾರೆ? ‘ಉಂಡ ಮನೆಗೆ ಎರಡು ಬಗೆಯಬಾರದು’ ಅನ್ನುವ ನಾಡು ನಮ್ಮದು. ಆಡಿಟರ್ ಕೆಲಸವೇ ಉಂಡ ಮನೆಯ ಉಗ್ರಾಣ ಶೋಧಿಸುವುದು. ಊಟ ಎಷ್ಟು ಭರ್ಜರಿಯೋ ಶೋಧ ಅಷ್ಟು ಮೆತ್ತಗೆ. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನಿಂದ ಅದರ ಆಡಿಟ್ ಸಂಸ್ಥೆ ಆರ್ಥರ್ ಆಂಡರ್ಸನ್‌ಗೆ 2000ದಲ್ಲಿ ಬಂದದ್ದು ಆಡಿಟ್‌ಗೆ 2.5 ಕೋಟಿ ಡಾಲರ್, ಸಲಹೆ ಮುಂತಾದ ಸೇವೆಗಳಿಗೆ 2.7 ಕೋಟಿ. ಪಾಯಸ ಅನ್ನಕ್ಕಿಂತ ಹೆಚ್ಚಾಯಿತು. ಎನ್ರಾನ್‌ನ ಕಾಗದ ಚಿಂದಿ ಮಾಡಿದ್ದಕ್ಕೆ ಆಂಡರ್ಸನ್‌ಗೆ 2002ರಲ್ಲಿ ಶಿಕ್ಷೆ, 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ 85,000 ಜನರ ಸಂಸ್ಥೆ ಮುಳುಗಿತ್ತು. ಜಗತ್ತಿನ ದೊಡ್ಡ ಆಡಿಟ್ ಸಂಸ್ಥೆಗಳು ಐದಿದ್ದದ್ದು ನಾಲ್ಕಾಯಿತು, ನಾಲ್ಕು ಮೂರಾದೀತು ಅನ್ನುವ ಅಂಜಿಕೆ ಅಂದಿನಿಂದ ನಿಯಂತ್ರಕರ ಕೈ ಕಟ್ಟಿದೆ ಅಂತ ನನ್ನ ಎಣಿಕೆ. ಸಂಸ್ಥೆಯ ಹೆಸರಿಗೆ ದಂಡ ಹಾಕುವುದಕ್ಕಿಂತ ಸಹಿ ಹಾಕಿದ ಪಾಲುದಾರರನ್ನು ಹಿಡಿಯುವುದು ಮೇಲು.

ಚೀಟಿ ಬಂತು, ಐದು ನಿಮಿಷವಂತೆ. ಬರೆದು ತಂದದ್ದರಲ್ಲಿ ಅರ್ಧ ಉಳಿದಿದೆ, ಓಡಿಸುತ್ತೇನೆ. 2013ರ ಕಂಪನಿ ಕಾಯ್ದೆಯ 144ನೇ ಕಲಮು ಪಾಯಸಕ್ಕೆ ಕಡಿವಾಣ: ಆಡಿಟರ್ ಅದೇ ಕಂಪನಿಯ ಲೆಕ್ಕ ಬರೆಯುವಂತಿಲ್ಲ, ಆಂತರಿಕ ಆಡಿಟ್ ಮಾಡುವಂತಿಲ್ಲ. 139ರ ಪ್ರಕಾರ ಲಿಸ್ಟೆಡ್, ಅಂದರೆ ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಒಂದು ಆಡಿಟ್ ಸಂಸ್ಥೆಗೆ ಹತ್ತು ವರ್ಷ, ಆಮೇಲೆ ಐದು ವರ್ಷ ಹೊರಗೆ. 2018ರ ಅಕ್ಟೋಬರ್ 1ರಿಂದ ಆಡಿಟರ್‌ಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಪ್ರಾಧಿಕಾರ ಎನ್‌ಎಫ್‌ಆರ್‌ಎ ಇದೆ. 6 ತಿಂಗಳಿಂದ 10 ವರ್ಷದವರೆಗೆ ಆಡಿಟರ್‌ಗಳನ್ನು ವೃತ್ತಿಯಿಂದ ಹೊರಗಿಡುವ ಅಧಿಕಾರ ಅದಕ್ಕಿದೆ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್, ಅಂದರೆ ತಿದ್ದುಪಡಿಗಳ ದಾಖಲೆ ಕಡ್ಡಾಯ, ತಿದ್ದಿದ ಗಂಟೆ ನಿಮಿಷವೂ ಅದರಲ್ಲಿ ಕೂತಿರುತ್ತದೆ. ಮಾರ್ಚ್ ಕೊನೆಯ ರಾತ್ರಿಗಳದ್ದನ್ನು ಮೊದಲು ತೆಗೆಸಿ.

ತರಬೇತಿಯ ವಿಷಯಕ್ಕೆ ಸಮಯವಿಲ್ಲ. ಒಂದೇ ಮಾತು: 2022ರಲ್ಲಿ ಆ ನಾಲ್ಕರಲ್ಲೊಂದಾದ ಇವೈ ಆಡಿಟ್ ಸಂಸ್ಥೆಗೆ ಅಮೆರಿಕದಲ್ಲಿ 10 ಕೋಟಿ ಡಾಲರ್ ದಂಡ ಬಿತ್ತು. ಅದರ ನೌಕರರು ಪರೀಕ್ಷೆಯಲ್ಲಿ ನಕಲು ಹೊಡೆದಿದ್ದರು. ಯಾವ ವಿಷಯ? ನೀತಿಶಾಸ್ತ್ರ. (ನಗು)

ಬ್ಯಾಂಕಿಗೆ ಬರೆಯುವ ಪತ್ರದ ನಮೂನೆ ಬಾಗಿಲ ಬಳಿಯ ಮೇಜಿನ ಮೇಲಿದೆ, ಸಂಘಗಳ ಕಾರ್ಯದರ್ಶಿಗಳೂ ಒಂದೊಂದು ತಗೊಳ್ಳಿ. ವಿಳಾಸದ ಜಾಗ ಬೇಕೆಂದೇ ಖಾಲಿ ಬಿಟ್ಟಿದೆ. ಪ್ರಶ್ನೆಗಳಿದ್ದರೆ ಕಾಫಿ ಕುಡಿಯುತ್ತಾ ಮಾತಾಡೋಣ.