ಕೆಂಪಿ ಮತ್ತೆ ಶುರುಮಾಡಿದಾಗ

ನಮಸ್ಕಾರ ಕೇಳುಗರೇ.

ನಮ್ಮ ಮನೆಗೆ ಬಂದಾಗ ನಮ್ಮ ನಾಯಿ ಕೆಂಪಿಗೆ ಸುಮಾರು ನಾಲ್ಕು ವರ್ಷ. ಮಲ್ಲೇಶ್ವರದ ಬೀದಿಯಲ್ಲಿ ಬೆಳೆದವಳು. ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ ಅನ್ನೋದಕ್ಕೆ ಗುರುತಾಗಿ ಒಂದು ಕಿವಿಯ ತುದಿ ಕತ್ತರಿಸಿತ್ತು. ಮೂರೇ ವಾರದಲ್ಲಿ ಹೊರಗೆ ಹೋಗಿ ಉಚ್ಚೆ ಮಾಡುವುದನ್ನು ಕಲಿತಳು. ಐದು ತಿಂಗಳು ಮನೆಯೊಳಗೆ ಒಂದು ಹನಿ ಬೀಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಬಾಗಿಲ ಬಳಿಯ ಕಾಲೊರಸು ಒದ್ದೆ. ಮರುದಿನವೂ ಹಾಗೇ.

ನಾನು ಬೈದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. 'ಗೊತ್ತಿದ್ದೂ ಬೇಕಂತ್ಲೇ ಮಾಡುತ್ತೆ' ಅಂತ ಎಷ್ಟೋ ಜನ ಹೇಳುತ್ತಾರೆ. ನಾಯಿಗೆ ಆ ಥರದ ಹಗೆ ಇಲ್ಲ. ಯಾವಾಗಲೋ ಆದದ್ದಕ್ಕೆ ಈಗ ಬೈದರೆ ಅದಕ್ಕೆ ತಿಳಿಯುವುದು ಒಂದೇ: ಇವರ ಮುಂದೆ ಉಚ್ಚೆ ಮಾಡಬಾರದು. ಕೆಂಪಿ ಸೋಫಾ ಹಿಂದೆ ಹೋಗತೊಡಗಿದಳು. ರಸ್ತೆಯಲ್ಲೂ ನನ್ನ ಮುಖ ನೋಡಿ ನೋಡಿ ತಡೆದುಕೊಂಡು ವಾಪಸ್ ಬರುತ್ತಿದ್ದಳು. ಆ ನೋಟ ನೆನೆದರೆ ಈಗಲೂ ಸಂಕಟವಾಗುತ್ತದೆ.

ಚೆನ್ನಾಗಿ ಕಲಿತ ದೊಡ್ಡ ನಾಯಿ ಇದ್ದಕ್ಕಿದ್ದಂತೆ ಹೀಗೆ ಮಾಡಿದರೆ ಮೊದಲು ಪಶುವೈದ್ಯರ ಹತ್ತಿರ ಹೋಗಿ. ನಾನು ಹೋದಾಗ ವೈದ್ಯರು ಮೂತ್ರದ ಸ್ಯಾಂಪಲ್ ತನ್ನಿ ಅಂದರು. ಬೆಳಿಗ್ಗೆ ಅವಳು ಕೂತ ತಕ್ಷಣ ಹಿಂದಿನಿಂದ ಉದ್ದ ಹಿಡಿಯ ಹಳೇ ಸೌಟು ಚಾಚಿ ಹಿಡಿದೆ. ಸೋಂಕು ಆಗಿತ್ತು. ಪಾಪ, ತಡೆದುಕೊಳ್ಳಲು ಆಗುತ್ತಿರಲಿಲ್ಲ ಅಷ್ಟೇ. ಆಪರೇಷನ್ ಆದ ಕೆಲವು ಹೆಣ್ಣು ನಾಯಿಗಳಿಗೆ ನಿದ್ದೆಯಲ್ಲೇ ಸೋರುವುದೂ ಉಂಟು. ಅದಕ್ಕೂ ಔಷಧಿ ಇದೆ. ನೀರು ಜಾಸ್ತಿ ಕುಡಿದು ಜಾಸ್ತಿ ಹೋಗುತ್ತಿದ್ದರೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದೆಯಾ ಅಂತ ನೋಡಿಸಬೇಕು. ದಯವಿಟ್ಟು ನೀರಿನ ಬಟ್ಟಲು ಮಾತ್ರ ಎತ್ತಿಡಬೇಡಿ.

ಸೋಂಕು ವಾಸಿಯಾಯಿತು. ಆದರೂ ಅವಳು ಕಾಲೊರಸಿನ ಜಾಗಕ್ಕೇ ಹೋಗುತ್ತಿದ್ದಳು. ಕಾರಣ ವಾಸನೆ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ಸ್ವಚ್ಛ, ನಾಯಿಯ ಮೂಗಿಗೆ ಹಳೇ ವಾಸನೆ ಅಲ್ಲೇ ಇರುತ್ತದೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ, ಅದರ ವಾಸನೆ ಉಚ್ಚೆಯಂತೆಯೇ ಇರುತ್ತದೆ. ಸಾಕುಪ್ರಾಣಿ ಅಂಗಡಿಗಳಲ್ಲಿ ಆ ವಾಸನೆಯನ್ನೇ ಒಡೆದುಹಾಕುವ ಎಂಜೈಮ್ ಇರುವ ದ್ರವ ಸಿಗುತ್ತದೆ. ಒದ್ದೆಯನ್ನು ಬಟ್ಟೆಯಿಂದ ಒತ್ತಿ ತೆಗೆದು, ಅದನ್ನು ಸುರಿದು, ನೆನೆಯಲು ಬಿಡಿ. ಕೂಡಲೇ ಒರೆಸಬೇಡಿ.

ಆಮೇಲೆ ಮೊದಲ ದಿನದ ಪಾಠವನ್ನೇ ಮತ್ತೆ ಶುರುಮಾಡಿದೆವು. ಎದ್ದ ಕೂಡಲೇ, ಊಟವಾದ ಮೇಲೆ, ಮಲಗುವ ಮುಂಚೆ, ನಡುವೆ ಎರಡು ಮೂರು ಗಂಟೆಗೊಮ್ಮೆ ಹೊರಗೆ. ಬೀದಿಯಲ್ಲಿ ಬೆಳೆದವಳಿಗೆ ಸಿಮೆಂಟ್ ಒಗ್ಗುವುದಿಲ್ಲ, ಮಣ್ಣೇ ಬೇಕು. ಹಾಗಾಗಿ ದಿನವೂ ಅದೇ ಹೊಂಗೆ ಮರದ ಬುಡ. ಆದ ತಕ್ಷಣ ಅಲ್ಲೇ ಒಂದು ಚೂರು ಬೇಯಿಸಿದ ಕೋಳಿ. ಕೆಲಸ ಮುಗಿಯಿತು ಅಂತ ಕೂಡಲೇ ಮನೆಗೆ ತಿರುಗಬೇಡಿ. ಹಾಗೆ ಮಾಡಿದರೆ ಸುತ್ತಾಟ ಮುಗಿಯದಿರಲಿ ಅಂತ ತಡೆದುಕೊಳ್ಳುವುದನ್ನು ಕಲಿಯುತ್ತವೆ. ದೀಪಾವಳಿಯ ಪಟಾಕಿ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ಕರೆದುಕೊಂಡು ಹೋಗಿಬನ್ನಿ.

ಸುಮಾರು ಒಂದು ತಿಂಗಳಾಗಿರಬೇಕು. ಹೊರಗೆ ಜೋರು ಮಳೆ, ರಾತ್ರಿ ಎರಡು ಗಂಟೆ. ಕೈಗೆ ಒದ್ದೆ ಮೂಗು ತಾಗಿ ಎಚ್ಚರವಾಯಿತು. ಕೆಂಪಿ ಬಾಗಿಲವರೆಗೆ ಹೋಗಿ, ತಿರುಗಿ ನನ್ನನ್ನೇ ನೋಡುತ್ತಾ ನಿಂತಳು. ಲಿಫ್ಟ್‌ಗೆ ಕಾಯದೆ, ಕೊಡೆ ಹಿಡಿದು ಇಬ್ಬರೂ ಮೆಟ್ಟಿಲಿಳಿದು ಓಡಿದೆವು.