ಗೊತ್ತಿರುವುದು ಲಸಿಕೆಯಲ್ಲ

ಎಲ್ಲರಿಗೂ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಲಾಕ್‌ಡೌನ್ ದಿನಗಳ ಕೊಡಗನ್ನು ನೆನೆಯುತ್ತ, ಆ ಕಾಲದಲ್ಲಿ ಮನೋರೋಗ ವಿಭಾಗಗಳಲ್ಲಿ ದುಡಿದ ಕೆಲವರು ಇಂದಿಗೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿಲ್ಲ ಎಂದು ಒಂದೇ ಒಂದು ವಾಕ್ಯ ಹೇಳಿದ್ದೆ. ಅದಕ್ಕೆ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ಅಣ್ಣಾ, ಮನಸ್ಸಿನ ಡಾಕ್ಟರಿಗೇ ಮನಸ್ಸು ಕೆಟ್ಟರೆ ಅವರು ಓದಿದ್ದಾದರೂ ಏನು? ಅವರಿಗೆ ಎಲ್ಲ ಗೊತ್ತಿರುತ್ತದೆ ಬಿಡಿ." ಈ ಮಾತಿಗೆ ಬಿದ್ದಷ್ಟು ಲೈಕು ನನ್ನ ಇಡೀ ಸಂಚಿಕೆಗೂ ಬಿದ್ದಿಲ್ಲ ಎಂಬುದು ನನ್ನ ಸಂಕಟದ ಒಂದು ಭಾಗ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉಳಿದ ಭಾಗ "ಅವರಿಗೆ ಎಲ್ಲ ಗೊತ್ತಿರುತ್ತದೆ" ಎಂಬ ಆ ಮೂರು ಪದಗಳದ್ದು.

ಗೊತ್ತಿರುತ್ತದೆ ನಿಜ. ಆದರೆ ಗೊತ್ತಿರುವುದು ಲಸಿಕೆಯಲ್ಲ. ಕರಡಿಗೋಡಿನಲ್ಲಿ ಕಾವೇರಿ ಉಕ್ಕಿ ಬಂದಾಗ ಈಜು ಬಲ್ಲವರ ಮನೆ ಯಾವುದು, ಬಾರದವರ ಮನೆ ಯಾವುದು ಎಂದು ವಿಚಾರಿಸಿಕೊಂಡು ನೀರು ಒಳಗೆ ನುಗ್ಗಲಿಲ್ಲ. ಶ್ವಾಸಕೋಶದ ತಜ್ಞರಿಗೆ ಕೋವಿಡ್ ಬಂದಾಗ ಅವರು ಓದಿದ್ದೇನು ಎಂದು ಯಾರೂ ಕೇಳಲಿಲ್ಲ. ಪಾಪ, ರೋಗಿಗಳ ನಡುವೆಯೇ ಇದ್ದರಲ್ಲ ಎಂದರು. ಮನೋವೈದ್ಯರ ವಿಷಯದಲ್ಲಿ ಮಾತ್ರ ಆ "ಪಾಪ" ಎಂಬ ಪದ ನಮ್ಮ ಬಾಯಿಗೆ ಬರುವುದಿಲ್ಲ.

ಆ ವಿಭಾಗಗಳಲ್ಲಿ ಏನು ನಡೆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಟಿ.ವಿ. ಕ್ಯಾಮೆರಾಗಳು ತೀವ್ರ ನಿಗಾ ಘಟಕದ ಬಾಗಿಲನ್ನು ಬಿಟ್ಟು ಕದಲಲೇ ಇಲ್ಲ. 2020ರ ಫೆಬ್ರವರಿಯಲ್ಲಿ, ಅಂದರೆ ನಾವಿನ್ನೂ ಮದುವೆ ಊಟಗಳಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತಿದ್ದಾಗಲೇ, ದಕ್ಷಿಣ ಕೊರಿಯಾದ ಚಿಯಾಂಗ್ಡೊದಲ್ಲಿದ್ದ ಆಸ್ಪತ್ರೆಯೊಂದರ ಮನೋರೋಗ ವಾರ್ಡಿನಲ್ಲಿ ನೂರಕ್ಕೂ ಹೆಚ್ಚು ಒಳರೋಗಿಗಳ ಪೈಕಿ ಹೆಚ್ಚೂಕಡಿಮೆ ಎಲ್ಲರಿಗೂ ಸೋಂಕು ತಗುಲಿತು, ಆ ದೇಶದ ಮೊದಲ ಕೋವಿಡ್ ಸಾವೂ ಅಲ್ಲಿಯೇ ಸಂಭವಿಸಿತು. ಮನೋರೋಗ ವಾರ್ಡಿನಲ್ಲಿ ಜನ ಹಾಸಿಗೆಗೆ ಅಂಟಿಕೊಂಡು ಮಲಗಿರುವುದಿಲ್ಲ. ಓಡಾಡುತ್ತಾರೆ, ಒಟ್ಟಿಗೆ ಕುಳಿತು ಉಣ್ಣುತ್ತಾರೆ, ಮುಖಕ್ಕೆ ಹಾಕಿದ ಮಾಸ್ಕನ್ನು ಕಿತ್ತೆಸೆಯುತ್ತಾರೆ. ಉನ್ಮಾದದಲ್ಲಿರುವ ಮನುಷ್ಯನನ್ನು ಆರು ಅಡಿ ದೂರದಲ್ಲಿ ನಿಂತು ಹಿಡಿಯುವ ವಿದ್ಯೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾದ ತೊಂದರೆಯೊಂದಿತ್ತು: ಈ ವೃತ್ತಿಯವರಿಗೆ ಸ್ಟೆತಸ್ಕೋಪ್ ಎಂದರೆ ತಮ್ಮ ಮುಖವೇ. ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎಂದು ನಡುಗುತ್ತಿರುವ ರೋಗಿಯ ಎದುರಿಗೆ ಅಡಿಯಿಂದ ಮುಡಿಯವರೆಗೆ ಬಿಳಿ ಕವಚ ತೊಟ್ಟು, ಕಣ್ಣಿಗೆ ಕನ್ನಡಕ ಬಿಗಿದುಕೊಂಡು ಹೋಗಿ ನಿಂತು "ಭಯಪಡಬೇಡಿ" ಎನ್ನಬೇಕಿತ್ತು.

ನಮ್ಮ ಜಿಲ್ಲೆಯ ಕಥೆ ಇನ್ನೂ ಬೇರೆ. ಮಾಕುಟ್ಟದಲ್ಲಿ ರಸ್ತೆಗೆ ಮಣ್ಣು ಸುರಿದು ಕೇರಳದ ದಾರಿಯನ್ನು ಮುಚ್ಚಿದ ದಿನಗಳು ನಿಮಗೆ ನೆನಪಿರಬಹುದು. ಅದೇ ದಿನಗಳಲ್ಲಿ, ಮಾರ್ಚ್ ಕೊನೆಯ ವಾರದಿಂದ ಮೇ 4ರವರೆಗೆ, ಮದ್ಯದ ಅಂಗಡಿಗಳೂ ಮುಚ್ಚಿದ್ದವು. ಕೊಡಗಿನಲ್ಲಿ ಮದ್ಯ ಎಂದೊಡನೆ ನಗುವವರಿದ್ದಾರೆ, ನಗಲಿ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತುಹೋದರೆ ಎರಡು ಮೂರು ದಿನಗಳಲ್ಲಿ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಗೋಡೆಯ ಮೇಲೆ ಇಲ್ಲದ ಹುಳುಗಳು ಕಾಣಿಸುತ್ತವೆ, ಫಿಟ್ಸ್ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ತೋಟದ ಕಾರ್ಮಿಕರ ಲೈನ್ ಮನೆಯಿಂದ ಅಂಥವರನ್ನು ಜೀಪಿನಲ್ಲಿ ಹಾಕಿಕೊಂಡು ಬಂದಾಗ ಎದುರುಗೊಂಡವರು ಇದೇ ಮನೋರೋಗ ವಿಭಾಗದವರು. ರೋಗಿ ಒದ್ದಾಡುತ್ತಾನೆ, ಉಗುಳುತ್ತಾನೆ, ಜ್ವರವೂ ಇರುತ್ತದೆ, ಆ ಜ್ವರ ಮದ್ಯ ನಿಂತದ್ದರಿಂದ ಬಂದುದೋ ಕೋವಿಡ್‌ನದೋ ಎಂದು ಹೇಳಬಲ್ಲ ವರದಿ ಕೈಗೆ ಬರುವುದರೊಳಗೆ ಅವನ ತೋಳು ಹಿಡಿದು ಚುಚ್ಚುಮದ್ದು ಕೊಡಬೇಕಾಗಿರುತ್ತದೆ. ಪಕ್ಕದ ಕೇರಳದಲ್ಲಂತೂ ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಬಹುದೆಂದು ಸರ್ಕಾರವೇ ಆದೇಶಿಸಿತು. ವೈದ್ಯರು ಕಪ್ಪು ಪಟ್ಟಿ ಧರಿಸಿ ಪ್ರತಿಭಟಿಸಿದರು, 2020ರ ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟ್ ಆದೇಶಕ್ಕೆ ತಡೆ ನೀಡಿತು. ಇದನ್ನೆಲ್ಲ ಕಂಡವರಿಗೆ ಮದ್ಯವ್ಯಸನದ ಬಗ್ಗೆ ಪುಸ್ತಕದಲ್ಲಿರುವುದೆಲ್ಲ ಗೊತ್ತಿತ್ತು. ಗೊತ್ತಿರುವುದು ಲಸಿಕೆಯಾಗಿತ್ತೇ? ಇಲ್ಲ.

ನನ್ನ ಅತ್ತಿಗೆ ಮನೋರೋಗ ವಿಭಾಗದ ಶುಶ್ರೂಷಕಿ. ಯಾವ ಊರು, ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೇಳಿದರೆ ಈ ಭಾನುವಾರದ ಊಟಕ್ಕೆ ನನ್ನನ್ನು ಕರೆಯುವುದಿಲ್ಲ. ಮಕ್ಕಳಿಗೆ ಸೋಂಕು ತಗುಲೀತೆಂದು ಅವರು ಎರಡು ತಿಂಗಳು ಮನೆಯ ಪಕ್ಕದ ಕಾಫಿ ಗೋದಾಮಿನಲ್ಲಿ, ಮೂಟೆಗಳ ನಡುವೆ ಮಂಚ ಹಾಕಿಕೊಂಡು ಮಲಗಿದರು. ಹಗಲಿನಲ್ಲಿ ಕ್ವಾರಂಟೈನಿನಲ್ಲಿದ್ದವರಿಗೆ ದೂರವಾಣಿ ಕರೆ ಮಾಡಿ, ಹಾಳೆಯೊಂದನ್ನು ಮುಂದಿಟ್ಟುಕೊಂಡು, ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಸುಮ್ಮಸುಮ್ಮನೆ ಅಳು ಬರುತ್ತಿದೆಯೇ, ಬದುಕು ಬೇಡ ಎನಿಸುತ್ತಿದೆಯೇ ಎಂದು ಕೇಳುವುದು ಅವರ ಕೆಲಸವಾಗಿತ್ತು. ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲ ಪ್ರಶ್ನೆಗಳಿಗೂ ತಮ್ಮ ಉತ್ತರ ಆ ಕಡೆಯವರ ಉತ್ತರವೇ ಆಗಿತ್ತು ಎಂದು ಅವರು ನನಗೆ ಹೇಳಿದ್ದು ಎರಡು ವರ್ಷಗಳ ನಂತರ, ಅದೂ ಒಳ್ಳೆಮೆಣಸು ಆಯುತ್ತ ಕುಳಿತಿದ್ದಾಗ, ಬೇರಾರದೋ ಕಥೆ ಹೇಳುವವರಂತೆ. ತನಗೆ ಏನಾಗುತ್ತಿದೆ ಎಂದು ಅವರಿಗೆ ಗೊತ್ತಿತ್ತು, ಕಾಮೆಂಟ್ ಬರೆದ ಸಹೋದರರೇ. ಅದರ ಹೆಸರೂ ಗೊತ್ತಿತ್ತು, ಅದಕ್ಕೆ ಕೊಡುವ ಮಾತ್ರೆಯ ಹೆಸರೂ ಗೊತ್ತಿತ್ತು.

ಇನ್ನು ನಿಮ್ಮ ಪ್ರತಿವಾದಗಳು. ಐಸಿಯು ವೈದ್ಯರು ಇದಕ್ಕಿಂತ ಹೆಚ್ಚು ಅನುಭವಿಸಲಿಲ್ಲವೇ ಎನ್ನುತ್ತೀರಿ. ಅನುಭವಿಸಿದರು. ಹಾಗಾದರೆ ನೋವೇನು ಪಡಿತರ ಅಕ್ಕಿಯೇ, ಒಬ್ಬರಿಗೆ ಹೆಚ್ಚು ಅಳೆದರೆ ಇನ್ನೊಬ್ಬರಿಗೆ ಕಡಿಮೆ ಬೀಳಲು? ಮನೋರೋಗ ವಿಭಾಗದವರು ಫೋನಿನಲ್ಲಿ ಮಾತನಾಡುತ್ತ ಕುಳಿತಿದ್ದರಷ್ಟೇ ಎನ್ನುತ್ತೀರಿ. ಮನೋರೋಗಕ್ಕೆ ಕೊಡುವ ಲಿಥಿಯಂ ಎಂಬ ಔಷಧ ಸೇವಿಸುವವರ ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಅಳೆಯಬೇಕು, ಕ್ಲೋಜಪಿನ್ ಎಂಬ ಇನ್ನೊಂದು ಔಷಧ ಆರಂಭಿಸಿದವರ ಬಿಳಿ ರಕ್ತಕಣಗಳನ್ನು ಪದೇ ಪದೇ ಎಣಿಸಬೇಕು. ಬಸ್ಸಿಲ್ಲದ ಆ ದಿನಗಳಲ್ಲಿ ಭಾಗಮಂಡಲದ ಆಚೆಯ ರೋಗಿಯ ರಕ್ತವನ್ನು ಫೋನಿನಲ್ಲಿ ಪರೀಕ್ಷಿಸುವ ಉಪಾಯ ನಿಮ್ಮ ಬಳಿ ಇದ್ದರೆ ದಯವಿಟ್ಟು ತಿಳಿಸಿ. ವರ್ಷಗಳ ಪ್ರಯತ್ನದಿಂದ ಸುಧಾರಿಸಿದ್ದ ರೋಗಿ ಮಾತ್ರೆ ಸಿಗದೆ ಮತ್ತೆ ಮೊದಲಿನ ಸ್ಥಿತಿಗೆ ಜಾರುವುದನ್ನು ಫೋನಿನ ಈ ತುದಿಯಲ್ಲಿ ಕುಳಿತು ಕೇಳಿಸಿಕೊಳ್ಳುವುದು ಆರಾಮದ ಕೆಲಸವೇನಲ್ಲ. 130 ದೇಶಗಳಲ್ಲಿ ಸಮೀಕ್ಷೆ ನಡೆಸಿದ ವಿಶ್ವ ಆರೋಗ್ಯ ಸಂಸ್ಥೆಯು, ಶೇ 93ರಷ್ಟು ದೇಶಗಳಲ್ಲಿ ಮಾನಸಿಕ ಆರೋಗ್ಯ ಸೇವೆಗಳು ಅಸ್ತವ್ಯಸ್ತಗೊಂಡಿವೆ ಎಂದು 2020ರ ಅಕ್ಟೋಬರಿನಲ್ಲಿ ಹೇಳಿತು. ಸೇವೆ ಅಸ್ತವ್ಯಸ್ತಗೊಂಡಿತು ಎಂದರೆ ಅದನ್ನು ಕೊಡುತ್ತಿದ್ದ ಮನುಷ್ಯರು ಅದರ ನಡುವೆ ನಿಂತಿದ್ದರು ಎಂದೇ ಅರ್ಥ.

ಮೂರನೆಯ ವಾದ ನನಗೆ ಅತ್ಯಂತ ಪ್ರಿಯವಾದುದು: ಸಹಾಯವಾಣಿ ಇದೆಯಲ್ಲ, ಕರೆ ಮಾಡಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ 14416 ಒಳ್ಳೆಯ ವ್ಯವಸ್ಥೆ. ಇದನ್ನು ನೋಡುತ್ತಿರುವ ಯಾರಿಗೇ ಬೇಕಾದರೂ ಸಂಕೋಚವಿಲ್ಲದೆ ಕರೆ ಮಾಡಿ. ಆದರೆ 2020ರ ಬೇಸಿಗೆಯಲ್ಲಿ ಅದು ಇರಲಿಲ್ಲ, ಆಗ ಇದ್ದ ಸಹಾಯವಾಣಿಗಳಲ್ಲಿ ಕರೆ ಸ್ವೀಕರಿಸುತ್ತಿದ್ದವರೇ ಇವರು. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಮನೋರೋಗ ವಿಭಾಗದ ಶುಶ್ರೂಷಕಿಯೊಬ್ಬರು ಯಾರ ಬಳಿ ಹೋಗಿ ತನಗೆ ನಿದ್ದೆ ಬರುತ್ತಿಲ್ಲ ಎಂದು ಹೇಳಬೇಕು? ಹತ್ತಿರದಲ್ಲಿರುವ ಮನೋವೈದ್ಯರು ಅವರ ಮೇಲಧಿಕಾರಿ. ಅವರನ್ನು ಬಿಟ್ಟು ಖಾಸಗಿಯವರ ಕೊಠಡಿಯ ಮುಂದೆ ಕುಳಿತರೆ, ಮಡಿಕೇರಿಯಲ್ಲಿ ಬೆಳಿಗ್ಗೆ ಕುಳಿತದ್ದು ಸಂಜೆಯೊಳಗೆ ವಿರಾಜಪೇಟೆಯ ಮೀನು ಮಾರುಕಟ್ಟೆಯಲ್ಲಿ ಚರ್ಚೆಯಾಗುತ್ತದೆ. ಚರ್ಚೆಯ ಮೊದಲ ವಾಕ್ಯ ಯಾವುದೆಂದು ನಿಮಗೆ ಗೊತ್ತು, ಏಕೆಂದರೆ ಅದನ್ನು ನೀವೇ ಬರೆದಿದ್ದೀರಿ.

ಅದೇ 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದು ತಲಕಾವೇರಿಯ ಅರ್ಚಕರ ಕುಟುಂಬ ಮಣ್ಣಿನಡಿ ಸೇರಿತು. 2018ರ ಜಲಸ್ಫೋಟವನ್ನೇ ಮರೆಯಲಾರದವರಿಗೆ ಸೋಂಕಿನ ಭಯದ ಮೇಲೆ ಬೆಟ್ಟದ ಭಯವೂ ಸೇರಿತು. ಸಮಾಧಾನ ಹೇಳಬೇಕಾದವರ ಮನೆಗಳೂ ಇದೇ ಬೆಟ್ಟಗಳ ಬುಡದಲ್ಲಿಯೇ ಇವೆ.

ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಇವರ ಮಾತನ್ನು ಕೇಳಿಸಿಕೊಳ್ಳಲು ಜಿಲ್ಲೆಯ ಹೊರಗಿನವರೊಬ್ಬರು ಬೇಕು, ಅದು ಕರ್ತವ್ಯದ ಅವಧಿಯಲ್ಲಿಯೇ ನಡೆಯಬೇಕು, ಆಡಿದ ಮಾತು ಸೇವಾ ಕಡತಕ್ಕೆ ಸೇರಬಾರದು. ಹನ್ನೆರಡು ಗಂಟೆ ದುಡಿದವರನ್ನು ರಾತ್ರಿ ಎಂಟಕ್ಕೆ ಪರದೆಯ ಮುಂದೆ ಕೂರಿಸಿ ಒತ್ತಡ ನಿರ್ವಹಣೆಯ ಬಗ್ಗೆ ಉಪನ್ಯಾಸ ಕೊಡಿಸುವುದು ಪರಿಹಾರವಲ್ಲ. ಅತ್ತಿಗೆಗೆ ಅಂಥದೊಂದು ಉಪನ್ಯಾಸದ ಪ್ರಮಾಣಪತ್ರವೂ ಸಿಕ್ಕಿತ್ತು, ಅದೀಗ ಗೋದಾಮಿನ ಕಿಟಕಿಯ ಒಡೆದ ಗಾಜಿಗೆ ಅಡ್ಡವಾಗಿದೆ. ಚಪ್ಪಾಳೆಯೂ ಸಾಕು, ದೀಪವೂ ಸಾಕು.

ನಾನು ಬರೆದುಕೊಂಡು ಬಂದಿದ್ದ ಹಾಳೆ ಇಲ್ಲಿಗೆ ಮುಗಿಯಿತು, ಸಿಟ್ಟು ಮಾತ್ರ ಮುಗಿದಿಲ್ಲ. ಗೊತ್ತಿರುವುದು ಲಸಿಕೆಯಲ್ಲ. ಗೊತ್ತಿರುವುದು ಲಸಿಕೆಯೇ ಆಗಿದ್ದರೆ ಸಿಗರೇಟು ಸೇದುವ ವೈದ್ಯರೊಬ್ಬರೂ ಈ ರಾಜ್ಯದಲ್ಲಿ ಇರುತ್ತಿರಲಿಲ್ಲ, ಮತ್ತು ಕಾಮೆಂಟುಗಳಿಗೆ ತಲೆಕೆಡಿಸಿಕೊಳ್ಳಬಾರದು ಎಂದು ಚೆನ್ನಾಗಿ ಬಲ್ಲ ನಾನು ಈ ಸಂಚಿಕೆಯನ್ನು ಮಾಡುತ್ತಲೇ ಇರಲಿಲ್ಲ. ಚಾನೆಲ್ಲಿಗೆ ಇನ್ನೂ ಚಂದಾದಾರರಾಗದವರು ಆಗಿ. ನಮ್ಮ ಮನೆಯ ಕಾಫಿ ಪುಡಿಯ ವಿವರ ಎಂದಿನಂತೆ ಕೆಳಗಿದೆ. ಆ ಕಾಮೆಂಟನ್ನು ನಾನು ಅಳಿಸಿಲ್ಲ, ಎಲ್ಲಕ್ಕಿಂತ ಮೇಲೆ ಪಿನ್ ಮಾಡಿ ಇಟ್ಟಿದ್ದೇನೆ. ಅದರ ಕೆಳಗೆ ಏನು ಬೇಕಾದರೂ ಬರೆಯಿರಿ, ನನ್ನನ್ನು ಬೈದರೂ ಸರಿಯೇ. ಅತ್ತಿಗೆ ಮಂಗಳವಾರದ ಕ್ಲಿನಿಕ್ ಮುಗಿಸಿ ಬಂದು ಎಲ್ಲವನ್ನೂ ಓದುತ್ತಾರೆ.